ಭಿನ್ನರಾಶಿಗೆ ಗುಂಟೆಯ ಲೆಕ್ಕ

ಭಿನ್ನರಾಶಿ ಎಂದೊಡನೆ ಪ್ರಾಥಮಿಕ ಶಾಲೆಯ ಮಕ್ಕಳು ಬೆಚ್ಚುವುದು ಹೊಸತೇನಲ್ಲ. 1/2 ಮತ್ತು 1/4 ಕೂಡಿಸೆಂದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಸೇರಿಸಿ 2/6 ಎಂದು ಬರೆಯುವವರು ಹಲವರು. ಪೂರ್ಣಸಂಖ್ಯೆಗೆ ಸಲ್ಲುವ ನಿಯಮವನ್ನು ಭಿನ್ನರಾಶಿಗೂ ಅನ್ವಯಿಸುವುದೇ ಇದಕ್ಕೆ ಕಾರಣ.

ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಂತಹ ಊರುಗಳಲ್ಲಿ ಇದಕ್ಕೆ ಮದ್ದು ಹೊಲದಲ್ಲೇ ಇದೆ. ಎಕರೆಗೆ 40 ಗುಂಟೆ. ಅರ್ಧ ಎಕರೆಗೆ 20, ಕಾಲು ಎಕರೆಗೆ 10. ಕೂಡಿದರೆ 30, ಅಂದರೆ ಮುಕ್ಕಾಲು ಎಕರೆ. 2/6 ಎಂದರೆ 13 ಗುಂಟೆ ಚಿಲ್ಲರೆ. ಮೊದಲಿದ್ದ ಅರ್ಧಕ್ಕಿಂತಲೂ ಕಡಿಮೆ. ಹೊಲಕ್ಕೆ ಹೊಲ ಸೇರಿಸಿದರೆ ಕುಗ್ಗುವುದುಂಟೆ? ತಪ್ಪನ್ನು ಮಗುವೇ ಹಿಡಿಯುತ್ತದೆ. ಛೇದ ಸಮಗೊಳಿಸುವುದೆಂದರೆ ಎರಡನ್ನೂ ಒಂದೇ ಅಳತೆಯಲ್ಲಿ ಎಣಿಸುವುದು ಎಂಬ ಮರ್ಮವೂ ಆಗ ತಿಳಿಯುತ್ತದೆ. ಅರ್ಧವೆಂದರೆ ಎರಡು ಕಾಲು. ಅದಕ್ಕೆ ಇನ್ನೊಂದು ಕಾಲು ಸೇರಿದರೆ ಮುಕ್ಕಾಲು. ಹಾಗೆಯೇ, ಒಂದು ರೊಟ್ಟಿಯನ್ನು ಮೂವರು ಹಂಚಿಕೊಂಡರೆ ಸಿಗುವ ಪಾಲು ನಾಲ್ವರು ಹಂಚಿಕೊಂಡಾಗಿನದಕ್ಕಿಂತ ದೊಡ್ಡದೆಂದು ಬಲ್ಲ ಮಗುವಿಗೆ 1/3 ದೊಡ್ಡದೋ 1/4 ದೊಡ್ಡದೋ ಎಂಬ ಗೊಂದಲ ಉಳಿಯದು.

ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯದ ಬಳಕೆಯನ್ನೂ ಹೇಳಿದ್ದಾನೆ. ಅಂತಹ ಪರಂಪರೆಯ ನಾಡಿನಲ್ಲಿ ಭಿನ್ನರಾಶಿ ಬಾಯಿಪಾಠದ ಸೂತ್ರವಾಗಿ ಉಳಿಯಬಾರದು.

ಇಲ್ಲಿ ಎಡವಿದ ಮಗುವಿಗೆ ಮುಂದೆ ಶೇಕಡಾ, ಬಡ್ಡಿ, ಬೀಜಗಣಿತ ಎಲ್ಲವೂ ಕಗ್ಗಂಟು. ಆದ್ದರಿಂದ ಸೂತ್ರ ಒಂದು ವಾರ ತಡವಾದರೂ ಚಿಂತೆಯಿಲ್ಲ, ಅಳತೆ ಮೊದಲು ಬರಲಿ.