ಆಯ್ದ ಬೆಳಕಿನಲ್ಲಿ ನೀಹಾರಿಕೆ

ಗೌರಿಬಿದನೂರಿಗೆ ಬೆಂಗಳೂರು ಹೆಚ್ಚುಕಡಿಮೆ ನೇರ ದಕ್ಷಿಣಕ್ಕಿದೆ. ಚಿಕ್ಕಬಳ್ಳಾಪುರಕ್ಕೆ ದಕ್ಷಿಣದಿಂದ ತುಸು ಪಶ್ಚಿಮಕ್ಕೆ, ಶಿಡ್ಲಘಟ್ಟ ಮತ್ತು ಚಿಂತಾಮಣಿಗೆ ನೈರುತ್ಯಕ್ಕೆ. ಆಕಾಶ ನೋಡುವವರಿಗೆ ಈ ದಿಕ್ಕಿನ ಲೆಕ್ಕ ಸಣ್ಣದಲ್ಲ. ಹದಿಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದ ಸುತ್ತಮುತ್ತ ಇರುವ ಈ ಊರುಗಳ ದೊಡ್ಡ ಆಸ್ತಿಯೇ ದಕ್ಷಿಣದ ಆಕಾಶ. ವೃಶ್ಚಿಕ, ಧನು ರಾಶಿಗಳ ನಡುವೆ ಹರಡಿದ ಆಕಾಶಗಂಗೆ ಇಲ್ಲಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನಿಂದಾಗಲಿ ಪ್ಯಾರಿಸ್ಸಿನಿಂದಾಗಲಿ ಎಂದೂ ಕಾಣದ ಕರೀನಾ ನೀಹಾರಿಕೆ ಇಲ್ಲಿ ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಬರುತ್ತದೆ. ಆದರೆ ಅದೇ ದಿಕ್ಕಿನಲ್ಲಿ ರಾಜಧಾನಿಯ ಬೆಳಕೂ ಏಳುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಬೆಳಕು ನಂದಿಬೆಟ್ಟಕ್ಕೆ ಇನ್ನಷ್ಟು ಹತ್ತಿರ ಬಂದಿದೆ. ಊರೊಳಗಿನಿಂದ ಇನ್ನೇನೂ ಕಾಣುವುದಿಲ್ಲ, ಆಕಾಶ ಬೇಕಾದವರು ದೂರದ ಕತ್ತಲೆಗೆ ಹೋಗಬೇಕು ಎಂಬ ಮಾತು ಹುಟ್ಟಿರುವುದು ಹೀಗೆ. ಬರಿಗಣ್ಣಿನ ಮಟ್ಟಿಗೆ ಈ ಮಾತು ನಿಜ. ಕ್ಯಾಮೆರಾದ ಮಟ್ಟಿಗೆ ಅಷ್ಟು ನಿಜವಲ್ಲ. ಬಡಾವಣೆಯ ತಾರಸಿಯ ಮೇಲೆ ನಿಂತು, ನ್ಯಾರೋಬ್ಯಾಂಡ್ ಫಿಲ್ಟರ್ ಎಂಬ ಸಣ್ಣ ಗಾಜಿನ ಬಿಲ್ಲೆಯ ಸಹಾಯದಿಂದ ನೀಹಾರಿಕೆಗಳ ಚಿತ್ರ ತೆಗೆಯುವ ಕಲೆಯೊಂದು ಇಂದು ಜಗತ್ತಿನಾದ್ಯಂತ ಬೆಳೆದಿದೆ. ಕತ್ತಲೆ ಸಿಗದವರು ಮಾಡಿಕೊಂಡ ಅರೆಮನಸ್ಸಿನ ರಾಜಿ ಅದು ಎಂದು ಹಲವರು ತಿಳಿದಿದ್ದಾರೆ. ನನ್ನ ಪ್ರಕಾರ ಅದು ರಾಜಿಯಲ್ಲ, ಖಗೋಳ ವಿಜ್ಞಾನ ನೂರೈವತ್ತು ವರ್ಷಗಳಿಂದ ನಡೆದು ಬಂದ ದಾರಿಯೇ ಅದು. ಆ ದಾರಿಗೆ ಒಳ್ಳೆಯ ಸಾಕ್ಷಿ ಗೌರಿಬಿದನೂರಿನ ಬಯಲಿನಲ್ಲೇ ಇದೆ.

ಮೊದಲು ನೀಹಾರಿಕೆ ಬೆಳಗುವ ಬಗೆಯನ್ನು ನೋಡೋಣ. ಸೂರ್ಯನಾಗಲಿ ಬೇರೆ ನಕ್ಷತ್ರವಾಗಲಿ ಎಲ್ಲ ಬಣ್ಣಗಳಲ್ಲೂ ಬೆಳಗುತ್ತದೆ. ಅನಿಲದ ನೀಹಾರಿಕೆ ಹಾಗಲ್ಲ. 1864ರ ಆಗಸ್ಟಿನಲ್ಲಿ ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ಡ್ರೇಕೋ ನಕ್ಷತ್ರಪುಂಜದ ಬೆಕ್ಕಿನ ಕಣ್ಣು ನೀಹಾರಿಕೆಯ ಕಡೆ ರೋಹಿತದರ್ಶಕವನ್ನು ತಿರುಗಿಸಿದಾಗ ಕಾಮನಬಿಲ್ಲಿನ ಪಟ್ಟಿ ಕಾಣಲಿಲ್ಲ, ಕೆಲವೇ ಹಸಿರು ಗೆರೆಗಳು ಕಂಡವು. ಅಲ್ಲಿರುವುದು ನಕ್ಷತ್ರಗಳ ಗುಂಪಲ್ಲ, ಅನಿಲ ಎಂದು ಆ ಗೆರೆಗಳು ತೀರ್ಮಾನಿಸಿದವು. ಅತಿ ಪ್ರಖರವಾದ ಗೆರೆ ಭೂಮಿಯ ಯಾವ ಮೂಲವಸ್ತುವಿನ ಗೆರೆಗೂ ತಾಳೆಯಾಗದ್ದರಿಂದ ನೆಬ್ಯುಲಿಯಂ ಎಂಬ ಹೊಸ ಮೂಲವಸ್ತುವನ್ನೇ ಊಹಿಸಲಾಯಿತು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಆ ಗಂಟು ಬಿಡಿಸಿದರು: ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೇ. ನಮ್ಮ ಪ್ರಯೋಗಾಲಯದ ಅನಿಲದಲ್ಲಿ ಪರಮಾಣುಗಳು ಒಂದಕ್ಕೊಂದು ಬೇಗ ಡಿಕ್ಕಿ ಹೊಡೆಯುವುದರಿಂದ ಆ ಬೆಳಕು ಹೊಮ್ಮಲು ಪುರುಸೊತ್ತೇ ಇರುವುದಿಲ್ಲ. ನೀಹಾರಿಕೆಯ ಅನಿಲ ಎಷ್ಟು ತೆಳುವೆಂದರೆ ಅಲ್ಲಿ ಅದಕ್ಕೆ ಸಾಕಷ್ಟು ಸಮಯ ಸಿಗುತ್ತದೆ. ಇಂದಿನ ಹವ್ಯಾಸಿಗಳು ಓ-ತ್ರೀ ಎಂದು ಕರೆಯುವ ಗೆರೆ ಇದು, 500.7 ನ್ಯಾನೋಮೀಟರಿನದು. ಇದರ ಜೊತೆ ಜಲಜನಕದ ಕೆಂಪು ಗೆರೆ ಎಚ್-ಆಲ್ಫಾ 656.3ರಲ್ಲಿ, ಗಂಧಕದ ಜೋಡಿ ಗೆರೆ ಎಸ್-ಟು 671.6 ಮತ್ತು 673.1ರಲ್ಲಿ. ನ್ಯಾರೋಬ್ಯಾಂಡ್ ಛಾಯಾಗ್ರಾಹಕರ ಬಹುಪಾಲು ಕೆಲಸ ನಡೆಯುವುದು ಈ ಮೂರರಲ್ಲೇ.

ಫಿಲ್ಟರಿನ ಶಕ್ತಿ ಅರ್ಥವಾಗಬೇಕಾದರೆ ಸಣ್ಣದೊಂದು ಲೆಕ್ಕ ಸಾಕು. ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗೆ, ಅಂದರೆ 300 ನ್ಯಾನೋಮೀಟರ್ ಅಗಲಕ್ಕೆ ಹರಡಿದೆ. ಗಾಜಿನ ಮೇಲೆ ಅತಿ ತೆಳುವಾದ ಪದರಗಳನ್ನು ಒಂದರ ಮೇಲೊಂದು ಲೇಪಿಸಿ, ಕೇವಲ 3 ನ್ಯಾನೋಮೀಟರ್ ಅಗಲದ ಬೆಳಕನ್ನು ಮಾತ್ರ ಒಳಬಿಡುವಂತೆ ಮಾಡಬಹುದು. ಎಲ್ಲ ಬಣ್ಣಗಳಿಗೂ ಸಮನಾಗಿ ಹರಡಿದ ಊರಬೆಳಕು ಆಗ ನೂರರಲ್ಲಿ ಒಂದು ಪಾಲಾಗುತ್ತದೆ. ನೀಹಾರಿಕೆಯ ಜಲಜನಕ ಕಳಿಸಿದ ಕೆಂಪು ಮಾತ್ರ ಬಹುತೇಕ ಪೂರ್ತಿ ದಾಟಿ ಬರುತ್ತದೆ. ಬೀದಿದೀಪಗಳು ಹಳದಿ ಸೋಡಿಯಂನಿಂದ ಬಿಳಿ ಎಲ್‌ಇಡಿಗೆ ಬದಲಾದ ಮೇಲೆ ಈ ವಿದ್ಯೆಗೆ ಬೆಲೆ ಹೆಚ್ಚಿದೆ. ಸೋಡಿಯಂ ದೀಪದ ಬೆಳಕು ಮುಖ್ಯವಾಗಿ 589ರ ಆಸುಪಾಸಿನದು, ಅದೊಂದನ್ನು ತಡೆಯುವ ಅಗಲ ಫಿಲ್ಟರುಗಳು ಹಿಂದೆ ಸಾಕಾಗುತ್ತಿದ್ದವು. ಎಲ್‌ಇಡಿ ಬೆಳಕು ನೀಲಿಯಿಂದ ಕೆಂಪಿನವರೆಗೂ ಹಬ್ಬಿದೆ, ತಡೆದು ಪ್ರಯೋಜನವಿಲ್ಲ, ಬೇಕಾದ್ದನ್ನು ಆಯ್ದುಕೊಳ್ಳಬೇಕು. ಎಲ್‌ಇಡಿ ಬೆಳಕೂ ಆಕಾಶದಲ್ಲಿ ಚದುರಿದ ಬೆಳದಿಂಗಳೂ ಕೆಂಪಿನ ತುದಿಗೆ ಹೋದಂತೆ ಕುಗ್ಗುವುದರಿಂದ ಎಚ್-ಆಲ್ಫಾ ಚಿತ್ರ ಬೆಳದಿಂಗಳಲ್ಲೂ ಸಾಧ್ಯ. ಓ-ತ್ರೀ ಅಷ್ಟು ಉದಾರಿಯಲ್ಲ. ಅದಕ್ಕೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನೇ ಮೀಸಲಿಡುವುದು ರೂಢಿ.

ಬಂದ ಬೆಳಕು ಕಡಿಮೆಯಾದ್ದರಿಂದ ಕಾಯುವ ಹೊತ್ತು ಹೆಚ್ಚು. ಐದೈದು ನಿಮಿಷದ ನೂರು ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸಿದರೆ ನೀಹಾರಿಕೆಯ ಬೆಳಕು ನೂರು ಪಟ್ಟಾಗುತ್ತದೆ, ಅಡ್ಡಾದಿಡ್ಡಿಯ ಗದ್ದಲ ಹತ್ತೇ ಪಟ್ಟಾಗುತ್ತದೆ. ಎಂಟು ಗಂಟೆಗೂ ಮೀರಿದ ಈ ಕೆಲಸ ಹಲವು ರಾತ್ರಿಗಳಿಗೆ ಹಂಚಿಹೋಗುತ್ತದೆ. ಭೂಮಿಯ ತಿರುಗುವಿಕೆಗೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸುವ ಮೌಂಟಿನ ಅಕ್ಷವನ್ನು ಆಕಾಶದ ಉತ್ತರ ಧ್ರುವಕ್ಕೆ ಗುರಿಯಿಟ್ಟು ನಿಲ್ಲಿಸಬೇಕು. ನಮ್ಮ ಊರುಗಳಲ್ಲಿ ಧ್ರುವ ನಕ್ಷತ್ರ ಇರುವುದು ದಿಗಂತದಿಂದ ಹದಿಮೂರೂವರೆ ಡಿಗ್ರಿ ಮೇಲಷ್ಟೇ. ಪಕ್ಕದ ಮನೆಯ ನೀರಿನ ಟ್ಯಾಂಕ್ ಸಾಕು ಅದನ್ನು ಮರೆಮಾಡಲು. ಅದಕ್ಕೇ ಇಲ್ಲಿಯವರು ಬೇರೆ ನಕ್ಷತ್ರಗಳ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅವುಗಳ ಸ್ಥಾನ ಗುರುತಿಸಿ ಅಕ್ಷವನ್ನು ತಿದ್ದಿಕೊಳ್ಳುವುದು ವಾಸಿ.

ಇನ್ನು ಗೌರಿಬಿದನೂರಿನ ಸಾಕ್ಷಿಗೆ ಬರೋಣ. 1976ರಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಅಲ್ಲಿ ರೇಡಿಯೊ ದೂರದರ್ಶಕವೊಂದನ್ನು ಕಟ್ಟಿದವು. ಅದರ ಹಿಂದಿನ ಮುಖ್ಯ ಶಕ್ತಿ ಸಿ.ಎಚ್. ವಿ. ಶಾಸ್ತ್ರಿ. ಬಟ್ಟಲಿನಾಕಾರದ ಆಂಟೆನಾ ಅದಲ್ಲ. ಇಂಗ್ಲಿಷಿನ ಟಿ ಅಕ್ಷರದಂತೆ ನೆಲದ ಮೇಲೆ ಹರಡಿದ 1000 ಡೈಪೋಲ್‌ಗಳ ಸಾಲು ಅದು. ಪೂರ್ವ-ಪಶ್ಚಿಮದ ತೋಳೇ 1.38 ಕಿಲೋಮೀಟರ್ ಉದ್ದ. ಪ್ರಸಾರ ಕೇಂದ್ರಗಳು, ಮಿಂಚು, ವಿದ್ಯುತ್ ಯಂತ್ರಗಳು ಎಬ್ಬಿಸುವ ರೇಡಿಯೊ ಗದ್ದಲದ ನಡುವೆ ಅದು ಆರಿಸಿಕೊಂಡದ್ದು 34.5 ಮೆಗಾಹರ್ಟ್ಸ್ ಸುತ್ತಲಿನ ಒಂದು ಕಿರು ಪಟ್ಟಿ. ಅಷ್ಟರಲ್ಲೇ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಆಕಾಶದ ದೊಡ್ಡ ಭಾಗದ ನಕ್ಷೆ ತಯಾರಿಸಿ 1990ರಲ್ಲಿ ಪ್ರಕಟಿಸಿದರು. ಅದೇ ದೂರದರ್ಶಕದಿಂದ ನಿಮಿಷಾ ಕಾಂತಾರಿಯಾ ಮತ್ತು ಕೆ.ಆರ್. ಅನಂತರಾಮಯ್ಯ ಆಕಾಶಗಂಗೆಯ ತಣ್ಣನೆಯ ಅನಿಲದಲ್ಲಿನ ಇಂಗಾಲದ ಗೆರೆಗಳನ್ನು ಹಿಡಿದರು. ತಾರಸಿಯವರು ಜಲಜನಕದ ಗೆರೆ ಹಿಡಿಯುವುದಕ್ಕೂ ಇದಕ್ಕೂ ಉಪಕರಣದಲ್ಲಿ, ಅಳತೆಯಲ್ಲಿ ಅಜಗಜಾಂತರ; ಯೋಚನೆ ಮಾತ್ರ ಒಂದೇ. ಎಲ್ಲವನ್ನೂ ಕೇಳಲು ಹೋದರೆ ಗದ್ದಲವಷ್ಟೇ ಸಿಗುತ್ತದೆ, ಕಿರಿದಾದ ಕಿಂಡಿಯಿಂದ ಬಹಳ ಹೊತ್ತು ಕೇಳಿದರೆ ಆಕಾಶ ಸಿಗುತ್ತದೆ. ಇದೇ ಖಭೌತ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯ 1912ರಿಂದ ದಶಕಗಳ ಕಾಲ ಎಚ್-ಆಲ್ಫಾ ಗೆರೆಯಲ್ಲೂ ಸೂರ್ಯನ ಚಿತ್ರ ತೆಗೆದಿದೆ ಎಂಬುದನ್ನೂ ಸೇರಿಸಿಕೊಂಡರೆ, ಕಿರುಪಟ್ಟಿಯ ನೋಟ ಹವ್ಯಾಸಿಗಳ ಅಡ್ಡದಾರಿ ಎನ್ನುವ ವಾದ ನಿಲ್ಲುವುದಿಲ್ಲ.

ಹೆಚ್ಚಾಗಿ ಕೇಳಿಬರುವ ಆಕ್ಷೇಪ ಬಣ್ಣದ ಬಗ್ಗೆ. ಈ ಚಿತ್ರಗಳ ಹೊಂಬಣ್ಣ, ತಿಳಿನೀಲಿ ಎಲ್ಲವೂ ಸುಳ್ಳು, ಕಂಪ್ಯೂಟರಿನಲ್ಲಿ ಬಳಿದದ್ದು ಎನ್ನುತ್ತಾರೆ. ಇದರಲ್ಲಿ ಒಂದು ಸತ್ಯವಿದೆ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಈಗಲ್ ನೀಹಾರಿಕೆಯ ಕಂಬಗಳ ಪ್ರಸಿದ್ಧ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದರು. ಹವ್ಯಾಸಿಗಳು ಅದೇ ಪದ್ಧತಿಯನ್ನು ಅನುಸರಿಸುತ್ತಾರೆ. ಜಲಜನಕ ನಿಜವಾಗಿ ಹಸಿರಲ್ಲ, ಕೆಂಪು. ಆದರೆ ಜಲಜನಕವೂ ಗಂಧಕವೂ ಎರಡೂ ಕೆಂಪೇ, ಅವುಗಳ ನಡುವಿನ ಅಂತರ ಹದಿನೈದು ನ್ಯಾನೋಮೀಟರಿನಷ್ಟು. ಎರಡಕ್ಕೂ ಅವುಗಳದೇ ಬಣ್ಣ ಕೊಟ್ಟರೆ ಕಣ್ಣು ಅವನ್ನು ಬೇರೆ ಮಾಡಲಾರದು. ಬೇರೆ ಬಣ್ಣ ಕೊಟ್ಟಾಗ, ಬಿಸಿ ನಕ್ಷತ್ರದ ಹತ್ತಿರ ಆಮ್ಲಜನಕ ಎಲ್ಲಿ ಬೆಳಗುತ್ತಿದೆ, ಅಂಚಿನಲ್ಲಿ ಗಂಧಕ ಎಲ್ಲಿ ಶುರುವಾಗುತ್ತದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಚಿತ್ರದ ಕೆಳಗೆ ಯಾವ ಅನಿಲಕ್ಕೆ ಯಾವ ಬಣ್ಣ ಎಂದು ಬರೆಯದೆ ಹಂಚುವುದು ತಪ್ಪು, ಅದನ್ನು ಬಿಗಿಯಾಗಿ ಹೇಳಲೇಬೇಕು. ಬರೆದು ಕೊಟ್ಟರೆ ಅದು ಭೂಪಟದಷ್ಟೇ ಪ್ರಾಮಾಣಿಕ.

ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಫಿಲ್ಟರ್ ಇದೆಯೆಂದು ಬೆಳಕಿನ ಮಾಲಿನ್ಯವನ್ನು ಮರೆಯಬಹುದೇ? ಖಂಡಿತ ಇಲ್ಲ. ಆಂಡ್ರೊಮಿಡಾದಂಥ ಗೆಲಾಕ್ಸಿಯ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣಕ್ಕೂ ಹರಡಿದ್ದು. ಕಿರು ಫಿಲ್ಟರ್ ಊರಬೆಳಕಿನ ಜೊತೆ ಅದನ್ನೂ ಕತ್ತರಿಸಿಹಾಕುತ್ತದೆ. ನಕ್ಷತ್ರದ ಬೆಳಕನ್ನು ಪ್ರತಿಫಲಿಸುವ ಧೂಳಿನ ನೀಹಾರಿಕೆಗಳ ಗತಿಯೂ ಅದೇ. ಚಿಂತಾಮಣಿಯ ಮಗುವೊಂದು ಅಂಗಳದಲ್ಲಿ ತಲೆಯೆತ್ತಿ ಆಕಾಶಗಂಗೆ ನೋಡುವ ಹಕ್ಕನ್ನು ಯಾವ ಫಿಲ್ಟರೂ ಹಿಂದಿರುಗಿಸಲಾರದು. ಅನಿಲದ ನೀಹಾರಿಕೆಗಳು ಉಳಿದಿವೆ ಎಂದಷ್ಟೇ ನನ್ನ ಮಾತು, ಆಕಾಶ ಉಳಿದಿದೆ ಎಂದಲ್ಲ. ಬೀದಿದೀಪಕ್ಕೆ ಮೇಲ್ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೇ ಬೀಳಿಸುವ ಕೆಲಸ ಪುರಸಭೆಗಳಿಗೆ ದುಬಾರಿಯೂ ಅಲ್ಲ, ಕಷ್ಟವೂ ಅಲ್ಲ. ಅದನ್ನು ಕೇಳಲು ತಾರಸಿಯ ಛಾಯಾಗ್ರಾಹಕರಿಗಿಂತ ಅರ್ಹರು ಸಿಗುವುದಿಲ್ಲ. ಊರಬೆಳಕು ಆಕಾಶವನ್ನು ಎಷ್ಟು ಬೆಳಗಿಸುತ್ತಿದೆ ಎಂಬ ಪುರಾವೆ ಅವರ ಪ್ರತಿ ಚಿತ್ರದಲ್ಲೂ ಇರುತ್ತದೆ.

ಖರ್ಚಿನ ಮಾತನ್ನು ಮುಚ್ಚಿಡುವಂತಿಲ್ಲ. ಒಳ್ಳೆಯ ಫಿಲ್ಟರ್ ಒಂದಕ್ಕೇ ಹತ್ತಾರು ಸಾವಿರ ರೂಪಾಯಿ, ಮೌಂಟ್, ಟೆಲಿಸ್ಕೋಪ್, ತಂಪು ಮಾಡಿದ ಕ್ಯಾಮೆರಾ ಸೇರಿದರೆ ಲೆಕ್ಕ ಲಕ್ಷಗಳಲ್ಲಿ. ರೇಷ್ಮೆ ಬೆಳೆಯುವ ಮನೆಯವರಿಗಾಗಲಿ ಸಂಬಳದ ಮೇಷ್ಟ್ರಿಗಾಗಲಿ ಇದು ಹಗುರವಲ್ಲ. ಹಾಗಾಗಿ ಇದು ಒಬ್ಬೊಬ್ಬರ ಸೊತ್ತಾಗದೆ ಕಾಲೇಜಿನ ಸೊತ್ತಾಗಬೇಕು. ವಿಜ್ಞಾನವನ್ನು ಪ್ರಯೋಗಾಲಯದ ಬಾಗಿಲಾಚೆ ತಂದ ಭೌತವಿಜ್ಞಾನದ ಮೇಷ್ಟ್ರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅಂಥ ಸೀಮೆಯಲ್ಲಿ ನಾಲ್ಕು ಕಾಲೇಜುಗಳು ಸೇರಿ ಒಂದು ಉಪಕರಣ ಕೊಳ್ಳುವುದು ಅತಿಯಾಸೆಯಲ್ಲ. ಶುರುಮಾಡಲು ರೋಸೆಟ್ ನೀಹಾರಿಕೆ ತಕ್ಕದ್ದು. ಡಿಸೆಂಬರ್ ಕೊನೆಯ ಹೊತ್ತಿಗೆ, ಮಳೆಮೋಡಗಳು ಸರಿದ ಮೇಲೆ, ಅದು ನಡುರಾತ್ರಿಗೆ ನಮ್ಮ ನೆತ್ತಿಯಿಂದ ಎಂಟೊಂಬತ್ತು ಡಿಗ್ರಿಯಷ್ಟೇ ದಕ್ಷಿಣಕ್ಕಿರುತ್ತದೆ, ಬೆಂಗಳೂರಿನ ಬೆಳಕಿನ ಗೋಪುರಕ್ಕಿಂತ ಎಷ್ಟೋ ಮೇಲೆ. ಹುಣ್ಣಿಮೆ ಚಂದ್ರನ ಎರಡೂವರೆ ಪಟ್ಟು ಅಗಲವಾದ್ದರಿಂದ ಸಣ್ಣ ಟೆಲಿಸ್ಕೋಪೇ ಸಾಕು. ಮೂರು ಫಿಲ್ಟರುಗಳಲ್ಲಿ ಅದರ ಚಿತ್ರ ಸಿದ್ಧವಾದ ಮೇಲೆ ವಿದ್ಯಾರ್ಥಿಗಳು ಅದನ್ನು 34.5 ಮೆಗಾಹರ್ಟ್ಸ್ ನಕ್ಷೆಯ ಅದೇ ಭಾಗದ ಪಕ್ಕದಲ್ಲಿಟ್ಟು ನೋಡಬೇಕು. ಹತ್ತು ಸಾವಿರ ಡಿಗ್ರಿಯ ಸುತ್ತಮುತ್ತಲಿನ ಬಿಸಿ ಅನಿಲ ಎಚ್-ಆಲ್ಫಾದಲ್ಲಿ ಉಜ್ವಲವಾಗಿ ಬೆಳಗುತ್ತದೆ. ಅಷ್ಟು ಕಡಿಮೆ ರೇಡಿಯೊ ಆವರ್ತನದಲ್ಲಿ ಅದೇ ಅನಿಲ, ತನ್ನ ಹಿಂದಿನಿಂದ ಬರುವ ಆಕಾಶಗಂಗೆಯ ಇನ್ನೂ ಪ್ರಬಲವಾದ ವಿಕಿರಣವನ್ನು ಹೀರಿಕೊಳ್ಳುತ್ತದೆ. ತಾರಸಿಯ ಚಿತ್ರದಲ್ಲಿ ಹೊಳೆಯುವ ಜಾಗ ಗೌರಿಬಿದನೂರಿನ ನಕ್ಷೆಯಲ್ಲಿ ಮಂಕಾಗುವುದೇ, ಎಷ್ಟು ಮಂಕಾಗುವುದು, ಅದರಿಂದ ಅನಿಲದ ಉಷ್ಣತೆಯ ಬಗ್ಗೆ ಏನು ತಿಳಿಯುತ್ತದೆ ಎಂಬ ಪ್ರಶ್ನೆಗಳು ಪದವಿ ತರಗತಿಯ ಒಂದು ವರ್ಷದ ಪ್ರಾಜೆಕ್ಟಿಗೆ ಸಾಕಾಗುವಷ್ಟಿವೆ.