ತೊನ್ನು: ಬಣ್ಣ ಕಳೆದುಕೊಂಡದ್ದು ಚರ್ಮ, ಬದುಕಲ್ಲ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ತೊನ್ನು ಎಂದೂ, ಮರಾಠಿ ಮನೆಗಳಲ್ಲಿ ಕೋಡ ಎಂದೂ ಕರೆಯಲಾಗುವ ಚರ್ಮದ ಬಿಳುಪು ಪ್ರಾಣಾಪಾಯಕಾರಿಯಲ್ಲ. ಆದರೂ ಅದು ಬಾಳಿನ ನೆಮ್ಮದಿಯನ್ನು ಕಸಿಯುತ್ತದೆ. ಇದಕ್ಕೆ ರೋಗಕ್ಕಿಂತ ನಮ್ಮ ಅಜ್ಞಾನವೇ ಹೆಚ್ಚಿನ ಕಾರಣವೆಂಬುದನ್ನು ನಾವು ಒಪ್ಪಿಕೊಳ್ಳಬೇಕಾಗಿದೆ.

ಚರ್ಮಕ್ಕೆ ಬಣ್ಣ ನೀಡುವ ಮೆಲನಿನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಪಡಿಸಿದಾಗ ಬಿಳಿ ಮಚ್ಚೆಗಳು ಮೂಡುತ್ತವೆ. ಜಗತ್ತಿನಲ್ಲಿ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇದು ಕಾಣಿಸುತ್ತದೆ. ಇದು ಸ್ಪರ್ಶದಿಂದಾಗಲಿ, ಸಹಭೋಜನದಿಂದಾಗಲಿ ಹರಡದು. ಪೂರ್ವಜನ್ಮದ ಪಾಪದ ಫಲವೂ ಅಲ್ಲ. ಶ್ವೇತಕುಷ್ಠವೆಂಬ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಕುಷ್ಠವು ರೋಗಾಣುವಿನಿಂದ ಬರುತ್ತದೆ, ಅದರ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ. ತೊನ್ನಿನ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಹಾಗೆಯೇ ಇರುತ್ತದೆ.

ಚರ್ಮರೋಗಗಳು ಬದುಕನ್ನು ಎಷ್ಟು ಬಾಧಿಸುತ್ತವೆ ಎಂದು ಅಳೆಯಲು ವೈದ್ಯರು 1994ರಲ್ಲಿ ಪ್ರಕಟವಾದ 10 ಪ್ರಶ್ನೆಗಳ ಪಟ್ಟಿಯೊಂದನ್ನು ಬಳಸುತ್ತಾರೆ. ಕಳೆದ ವಾರ ನಿಮಗೆ ನಾಚಿಕೆಯಾಯಿತೇ, ಉಡುಪಿನ ಆಯ್ಕೆ ಬದಲಾಯಿತೇ, ಕೆಲಸಕ್ಕೆ ಅಡ್ಡಿಯಾಯಿತೇ, ಆಪ್ತರೊಡನೆ ತೊಂದರೆಯಾಯಿತೇ ಎಂದು ಅದು ಕೇಳುತ್ತದೆ. ತೊನ್ನಿನಲ್ಲಿ ನೋವು ಬಹುತೇಕ ಇಲ್ಲ. ಅದರ ಭಾರವೆಲ್ಲ ಈ ಪ್ರಶ್ನೆಗಳ ಮೇಲೆಯೇ ಬೀಳುತ್ತದೆ. ಸುಡುಬಿಸಿಲಿನಲ್ಲೂ ತುಂಬುತೋಳಿನ ಅಂಗಿ ತೊಡುವ ಯುವಕ, ಮದುವೆಮನೆಯ ಪಂಕ್ತಿಗೆ ಬಾರದ ತಾಯಿ, ಕನ್ಯೆ ನೋಡುವ ದಿನ ಮುಂಗೈ ಮುಚ್ಚಿಕೊಳ್ಳುವ ಮಗಳು ನಮಗೆ ಅಪರಿಚಿತರೇನಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಇದು 20 ವರ್ಷದೊಳಗೇ, ಅಂದರೆ ಕಲಿಕೆಯ ವಯಸ್ಸಿನಲ್ಲೇ ಅಥವಾ ಸಂಬಂಧ ಕೂಡಿಸುವ ವಯಸ್ಸಿಗೆ ಮುನ್ನವೇ, ತಲೆದೋರುತ್ತದೆ. ತಂಗಿಗೆ ತೊನ್ನಿದ್ದರೆ ಅಕ್ಕನ ಸಂಬಂಧವೂ ಮುರಿಯುವುದುಂಟು.

ಚಿಕಿತ್ಸೆ ಇಲ್ಲವೆಂಬುದು ತಪ್ಪು. ಮುಲಾಮು, ವಿಶೇಷ ಬೆಳಕಿನ ಚಿಕಿತ್ಸೆ, ರೋಗ ಸ್ಥಿರವಾದವರಿಗೆ ಚರ್ಮ ಕಸಿ ಲಭ್ಯವಿವೆ. ಮುಖದ ಮಚ್ಚೆಗಳು ಬೇಗ ಸ್ಪಂದಿಸುತ್ತವೆ, ಬೆರಳ ತುದಿಯವು ತಡವಾಗಿ. ಬೆಳಕಿನ ಚಿಕಿತ್ಸೆಗೆ ವಾರಕ್ಕೆರಡು ಮೂರು ಬಾರಿಯಂತೆ ತಿಂಗಳುಗಟ್ಟಲೆ ಹೋಗಬೇಕಾಗುತ್ತದೆ. ಹಳ್ಳಿಯ ಕೂಲಿಕಾರನಿಗೆ ಬೆಳಗಾವಿಗೋ ಮಿರಜಿಗೋ ಹೋಗುವ ಒಂದೊಂದು ದಿನವೂ ಕೂಲಿ ತಪ್ಪಿದ ದಿನವೇ. ಅವನು ನಡುವೆಯೇ ಕೈಬಿಟ್ಟರೆ ಅದನ್ನು ನಿರ್ಲಕ್ಷ್ಯವೆನ್ನಲಾಗದು. ಮನೆಯವರ ಆಸರೆ ಬೇಕು. ಕಬ್ಬಿನ ಗದ್ದೆಯಲ್ಲಿ ದುಡಿಯುವವರು ಮಚ್ಚೆಗಳನ್ನು ಬಿಸಿಲಿನಿಂದ ಕಾಪಾಡಿಕೊಳ್ಳಬೇಕು. ಅಂಟಿನ ಬಿಂದಿಯಿಂದಲೋ ರಬ್ಬರ್ ಚಪ್ಪಲಿಯಿಂದಲೋ ಬಿಳುಪು ಕಂಡರೆ ಅದನ್ನು ಕೂಡಲೇ ಬಿಡಬೇಕು. ಥೈರಾಯ್ಡ್ ಪರೀಕ್ಷೆಯ ಕುರಿತೂ ವೈದ್ಯರನ್ನು ಕೇಳುವುದು ಒಳಿತು. ಮನಸ್ಸು ಕುಗ್ಗಿದವರು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಜೂನ್ 25 ವಿಶ್ವ ತೊನ್ನು ದಿನ. ಆದರೆ ಅರಿವಿಗೆ ಒಂದು ದಿನ ಸಾಲದು. ಹುಟ್ಟಿನಿಂದ ಮನುಷ್ಯನನ್ನು ಅಳೆಯಲೊಪ್ಪದ ಬಸವಾದಿ ಶರಣರ ಮಕ್ಕಳಾದ ನಾವು ಚರ್ಮದ ಬಣ್ಣದಿಂದ ಅಳೆಯುವುದು ಹೇಗೆ? ದಾಸೋಹದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕುಳಿತು ಉಣ್ಣೋಣ, ಸಂಬಂಧ ಕೂಡಿಸುವಾಗ ಗುಣವನ್ನು ನೋಡೋಣ. ವೈದ್ಯರು ಚರ್ಮಕ್ಕೆ ಬಣ್ಣ ತರಬಲ್ಲರು; ಬದುಕಿಗೆ ನೆಮ್ಮದಿ ತರಬೇಕಾದವರು ನಾವು.