ಟ್ಯಾಂಕಿನ ನೀರು, ಸೀರಿಯಲ್ ಪೋರ್ಟು ಮತ್ತು ಒಂದು ಸುಳ್ಳು ಲೀಕು

ಹೋಮ್ ಆಟೋಮೇಷನ್ ಅಂದ ಕೂಡ್ಲೇ ನಮಗೆ ನೆನಪಾಗೋದು ಫೋನಿನಿಂದ ಲೈಟ್ ಹಾಕೋದು. ಎರಡು ದಿನ ಖುಷಿ ಕೊಡುತ್ತೆ, ಮೂರನೇ ದಿನ ಎದ್ದುಹೋಗಿ ಸ್ವಿಚ್ಚೇ ಒತ್ತುತ್ತೇವೆ. ನಿಜವಾಗಿ ಉಪಯೋಗಕ್ಕೆ ಬರೋದು, ಯಾರ ಕಣ್ಣಿಗೂ ಬೀಳದ ಸಂಗತಿಯನ್ನು ಅಳೆದು ಗ್ರಾಫ್ ಮಾಡಿ ತೋರಿಸುವ ಕೆಲಸ. ಮಹಡಿ ಮೇಲಿನ ನೀರಿನ ಟ್ಯಾಂಕನ್ನೇ ತಗೊಳ್ಳಿ. ರಾತ್ರಿ ಅದು ಸೋರುತ್ತಿದೆಯಾ ಅಂತ ಹೇಗೆ ಗೊತ್ತಾಗಬೇಕು?

ಬೇಕಾಗೋದು ಒಂದು ಆರ್ಡುಯಿನೋ ನ್ಯಾನೋ, ನೀರು ತಾಗಿದರೂ ಹಾಳಾಗದ ಅಲ್ಟ್ರಾಸಾನಿಕ್ ಸೆನ್ಸರ್, ಹೋಮ್ ಅಸಿಸ್ಟೆಂಟ್ ಓಡುತ್ತಿರುವ ಒಂದು ರಾಸ್ಪ್‌ಬೆರಿ ಪೈ. ಹೋಮ್ ಅಸಿಸ್ಟೆಂಟ್ 2013ರಲ್ಲಿ ಪೌಲಸ್ ಸ್ಕೌಟ್ಸೆನ್ ಶುರು ಮಾಡಿದ ಓಪನ್ ಸೋರ್ಸ್ ತಂತ್ರಾಂಶ, ಬರೆದಿರೋದು ಪೈಥಾನ್‌ನಲ್ಲಿ. ಮಹಡಿಯಿಂದ ರೂಮಿನವರೆಗೆ ಬರಿಯ ಯುಎಸ್‌ಬಿ ಕೇಬಲ್ ಎಳೆಯೋಕೆ ಹೋಗಬೇಡಿ, ಅದರ ಮಿತಿ ಸುಮಾರು 5 ಮೀಟರ್. ಮಧ್ಯೆ ಆರ್‌ಎಸ್-485 ಮಾಡ್ಯೂಲ್ ಹಾಕಿದರೆ ದೂರದ ಚಿಂತೆ ಇರಲ್ಲ.

ಮೊದಲ ತಲೆನೋವು ಪೋರ್ಟಿನ ಹೆಸರು. ಲಿನಕ್ಸ್ ನಿಮ್ಮ ಸಾಧನಕ್ಕೆ 'ಟಿಟಿವೈ-ಯುಎಸ್‌ಬಿ-0' ಅಂತ ಹೆಸರಿಡುತ್ತೆ. ಎರಡು ಸಾಧನ ಇದ್ದರೆ, ಕರೆಂಟ್ ಹೋಗಿ ಬಂದ ಮೇಲೆ ಈ 0 ಮತ್ತು 1 ಅದಲುಬದಲಾದರೂ ಆಗಬಹುದು. ಆಮೇಲೆ ಟ್ಯಾಂಕಿನ ಜಾಗದಲ್ಲಿ ಇನ್ಯಾವುದೋ ಲೆಕ್ಕ ಬರುತ್ತೆ. ಅದಕ್ಕೇ 'ಬೈ-ಐಡಿ' ಫೋಲ್ಡರಿನಲ್ಲಿರುವ ಉದ್ದ ಹೆಸರನ್ನೇ ಕೊಡಿ. ಇಲ್ಲೂ ಒಂದು ಕೊಕ್ಕೆ ಇದೆ: ಅಗ್ಗದ ನ್ಯಾನೋಗಳಲ್ಲಿರುವ ಸಿಎಚ್-340 ಚಿಪ್‌ಗೆ ಸಾಮಾನ್ಯವಾಗಿ ತನ್ನದೇ ಸೀರಿಯಲ್ ನಂಬರ್ ಇರಲ್ಲ, ಹಾಗಾಗಿ ಅಂಥ ಎರಡು ಬೋರ್ಡಿಗೆ ಒಂದೇ ಹೆಸರು ಬಂದ್ಬಿಡುತ್ತೆ. ಆಗ 'ಬೈ-ಪಾಥ್' ಬಳಸಿ, ಯಾವ ಬೋರ್ಡು ಯಾವ ಯುಎಸ್‌ಬಿ ಕಿಂಡಿಯಲ್ಲಿದೆ ಅನ್ನೋದನ್ನ ಬದಲಾಯಿಸಬೇಡಿ.

ಬಾಡ್ ರೇಟ್ ಎರಡೂ ಕಡೆ ಒಂದೇ ಇರಬೇಕು. 9600 ಸಾಕು. ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. ನಮಗೆ ಬೇಕಿರೋದು 30 ಸೆಕೆಂಡಿಗೆ ಒಂದು ಸಾಲು. ಆ ಸಾಲಿನಲ್ಲಿ ಸೆಂಟಿಮೀಟರ್ ಕಳಿಸಬೇಡಿ. ಪ್ರತಿಧ್ವನಿ ಬರಲು ಹಿಡಿದ ಮೈಕ್ರೋಸೆಕೆಂಡ್ ಮತ್ತು ಗಾಳಿಯ ಉಷ್ಣಾಂಶ, ಎರಡನ್ನೂ ಜೇಸನ್ ರೂಪದಲ್ಲಿ ಹಾಗೇ ಕಳಿಸಿ. ಲೆಕ್ಕ ಕೆಳಗೆ ಮಾಡೋಣ. ಸೂತ್ರ ತಿದ್ದಬೇಕಾದಾಗ ಏಣಿ ಹತ್ತುವ ಕೆಲಸ ತಪ್ಪುತ್ತೆ.

ಹೋಮ್ ಅಸಿಸ್ಟೆಂಟಿನ ಸೀರಿಯಲ್ ಸೆನ್ಸರ್ ಬಂದ ಸಾಲನ್ನು ಓದಿಕೊಳ್ಳುತ್ತೆ, ಅಷ್ಟೇ. ಅದಕ್ಕೆ ಅಳತೆಯ ಮಾನ ಗೊತ್ತಿಲ್ಲ. ಮಾನ ಇಲ್ಲದ ಸೆನ್ಸರನ್ನು ಹಿಸ್ಟರಿ ಪುಟದಲ್ಲಿ ತೆರೆದರೆ ಗೆರೆಯ ಬದಲು ಬಣ್ಣಬಣ್ಣದ ಪಟ್ಟಿ ಕಾಣುತ್ತೆ. 'ಗ್ರಾಫೇ ಬರ್ತಿಲ್ಲ' ಅಂತ ಗೋಳಾಡುವವರಲ್ಲಿ ಹೆಚ್ಚಿನವರ ಕಥೆ ಇದೇ ಇರಬೇಕು! ಅದರ ಮೇಲೊಂದು ಟೆಂಪ್ಲೇಟ್ ಸೆನ್ಸರ್ ಬರೆದು, ಮಾನ 'ಸೆಂಮೀ' ಅಂತಲೂ ಸ್ಟೇಟ್ ಕ್ಲಾಸ್ 'ಮೆಷರ್‌ಮೆಂಟ್' ಅಂತಲೂ ಕೊಡಿ. ಎರಡನೆಯದು ಮರೆತರೆ ಹಳೇ ದತ್ತಾಂಶ ಕೈತಪ್ಪುತ್ತೆ. ಯಾಕಂದ್ರೆ ವಿವರವಾದ ದಾಖಲೆ ಸಾಮಾನ್ಯವಾಗಿ 10 ದಿನ ಮಾತ್ರ ಉಳಿಯೋದು. ಸ್ಟೇಟ್ ಕ್ಲಾಸ್ ಇದ್ದರೆ ಗಂಟೆಗೊಂದು ಸರಾಸರಿ, ಕನಿಷ್ಠ, ಗರಿಷ್ಠ ಶಾಶ್ವತವಾಗಿ ಉಳಿಯುತ್ತೆ. ಇನ್ನೊಂದು ಮಾತು: ಓದು ಬರದಿದ್ದಾಗ 0 ಅಂತ ತೋರಿಸೋ ಟೆಂಪ್ಲೇಟನ್ನು ಎಲ್ಲಿಂದಲೋ ಕಾಪಿ ಹೊಡೀಬೇಡಿ. ಗ್ರಾಫಿನಲ್ಲಿ ಬಿಟ್ಟ ಜಾಗ ಪ್ರಾಮಾಣಿಕ, ಸೊನ್ನೆ ಸುಳ್ಳು.

ಈಗ ಗ್ರಾಫ್ ಓದೋಣ. ಬೆಳಗ್ಗೆ ಸ್ನಾನದ ಹೊತ್ತಿಗೆ ಗೆರೆ ಕುಸಿಯುತ್ತೆ, ಮೋಟರ್ ಹಾಕಿದಾಗ ಏರುತ್ತೆ. ನಾವು ನೋಡಬೇಕಾದ್ದು ರಾತ್ರಿ 1ರಿಂದ 5. ಯಾರೂ ನಲ್ಲಿ ತಿರುಗಿಸದ ಆ ಹೊತ್ತಲ್ಲಿ ಗೆರೆ ಸಪಾಟಾಗಿರಬೇಕು. ಟ್ಯಾಂಕಿನ ಒಳವ್ಯಾಸ 1.1 ಮೀಟರ್ ಇದ್ದರೆ ಮಟ್ಟ 1 ಸೆಂಮೀ ಇಳಿದಾಗ ಹೋಗಿದ್ದು ಸುಮಾರು 9.5 ಲೀಟರ್. ನಾಲ್ಕು ಗಂಟೆಯಲ್ಲಿ 3 ಸೆಂಮೀ ಇಳಿದರೆ ದಿನಕ್ಕೆ 170 ಲೀಟರ್ ಸೋರಿದ ಹಾಗೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರಿಗೆ ಇದು ಸಣ್ಣ ಮಾತಲ್ಲ.

ಆದ್ರೆ ಪ್ಲಂಬರ್‌ಗೆ ಫೋನ್ ಮಾಡೋ ಮುಂಚೆ ಸ್ವಲ್ಪ ತಾಳಿ. ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್; ಪ್ರತಿ ಡಿಗ್ರಿ ಇಳಿದಾಗ ಅದು ಸುಮಾರು 0.6 ಮೀಟರ್ ಕಡಿಮೆಯಾಗುತ್ತೆ. ರಾತ್ರಿ ಗಾಳಿ ತಣ್ಣಗಾದಂತೆ ಪ್ರತಿಧ್ವನಿ ತಡವಾಗಿ ಬರುತ್ತೆ. 343 ಅಂತ ಗಟ್ಟಿಯಾಗಿ ಬರೆದುಕೊಂಡ ಪ್ರೋಗ್ರಾಂ 'ಓ, ನೀರು ಕೆಳಗಿಳಿಯಿತು' ಅಂದುಕೊಳ್ಳುತ್ತೆ. ಸೆನ್ಸರಿನಿಂದ ನೀರು 1 ಮೀಟರ್ ಕೆಳಗಿದ್ದು ಉಷ್ಣಾಂಶ 4 ಡಿಗ್ರಿ ಇಳಿದರೆ ತಪ್ಪು ಸುಮಾರು 0.7 ಸೆಂಮೀ, ಅಂದರೆ ಆರೂವರೆ ಲೀಟರಿನಷ್ಟು ಸುಳ್ಳು ಲೀಕು! ಉಷ್ಣಾಂಶವನ್ನೂ ಕಳಿಸಿ ಅಂದಿದ್ದು ಇದಕ್ಕೇ. ಟೆಂಪ್ಲೇಟಿನಲ್ಲಿ ವೇಗವನ್ನು 331.3ಕ್ಕೆ ಉಷ್ಣಾಂಶದ 0.6 ಪಟ್ಟು ಕೂಡಿಸಿ ಲೆಕ್ಕ ಹಾಕಿ, ಬರುವ ದೂರವನ್ನು ಅರ್ಧ ಮಾಡಿ (ಶಬ್ದ ಹೋಗಿ ಬಂದಿದೆಯಲ್ಲ).

ಕೊನೆಗೆ, ಸೆನ್ಸರನ್ನು ನೀರಿನ ಗರಿಷ್ಠ ಮಟ್ಟಕ್ಕಿಂತ 25 ಸೆಂಮೀ ಮೇಲಾದರೂ ಕೂರಿಸಿ. ಅದಕ್ಕಿಂತ ಹತ್ತಿರದ್ದು ಈ ಸೆನ್ಸರುಗಳಿಗೆ ಸರಿಯಾಗಿ ಕಾಣಲ್ಲ; ಟ್ಯಾಂಕ್ ತುಂಬಿದಾಗಲೇ ಗ್ರಾಫ್ ಹುಚ್ಚೆದ್ದು ಕುಣಿಯುತ್ತೆ.